ಕೆಂಪು ವೈರು, ಹಳದಿ ವೈರು

ನಮ್ಮ ಕಾರಿನಲ್ಲಿ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಇಲ್ಲ. ಒಂದು ಕೆಂಪು ದೀಪ ಇದೆ, ಅದು ಎಲ್ಲ ಕುದ್ದು ಮುಗಿದ ಮೇಲೆ ಹತ್ತುತ್ತದೆ. ಇದು ನನಗೆ ಗೊತ್ತಾದದ್ದು ದಸರಾ ರಜೆ ಮುಗಿದ ವಾರ, ಮೊರಬದ ಶಾಲೆ ಬಿಟ್ಟು ನವಲಗುಂದಕ್ಕೆ ವಾಪಸ್ಸು ಬರುವಾಗ. ಬಾನೆಟ್ಟಿನ ಸಂದಿಯಿಂದ ಉಗಿ ಎದ್ದಿತು, ಆಮೇಲೆ ದೀಪ ಹತ್ತಿತು. ಎರಡೂ ಕಡೆ ಹತ್ತಿ ಹೊಲ, ನೆರಳಿಗೆ ಒಂದು ಜಾಲಿ ಗಿಡವೂ ಇಲ್ಲ. ಹಿಂದಿನಿಂದ ಬಂದ ಟ್ರ್ಯಾಕ್ಟರಿನವನು ನಿಲ್ಲಿಸಿ, "ರೇಡಿಯೇಟರ್ ಮುಚ್ಚಳ ಮುಟ್ಟಬ್ಯಾಡ್ರಿ ಅಕ್ಕೋರ, ಮಾರಿ ಸುಡ್ತೈತಿ" ಅಂದ. ನನಗೆ ಗೊತ್ತು ಅಂದೆ. ಅವನು ಅದನ್ನು ಕೇಳಿಸಿಕೊಳ್ಳದವನ ಹಾಗೆ, "ಮನಿಯಾಗಿನ ಸರ್‌ಗ ಫೋನ್ ಹಚ್ರಿ" ಅಂದ.

ನಾನು ಮೊರಬದ ಹೈಸ್ಕೂಲಿನಲ್ಲಿ ವಿಜ್ಞಾನ ಮತ್ತು ಕಂಪ್ಯೂಟರ್ ಕಲಿಸುತ್ತೇನೆ. ಅದಕ್ಕೂ ಮೊದಲು ಹುಬ್ಬಳ್ಳಿಯಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದವಳು. ಮನೆಯಾಗಿನ ಸರ್, ಅಂದರೆ ನನ್ನ ಗಂಡ, ಪಕ್ಕದ ಹಳ್ಳಿಯ ಪಂಚಾಯತಿ ಗ್ರಂಥಾಲಯ ನೋಡಿಕೊಳ್ಳುತ್ತಾರೆ. ಪುಸ್ತಕದ ವಿಷಯ ಏನು ಕೇಳಿದರೂ ಹೇಳುತ್ತಾರೆ, ಕಾರಿನ ಬಾನೆಟ್ ಎತ್ತುವ ಹಿಡಿಕೆ ಎಲ್ಲಿದೆ ಅನ್ನುವುದು ಅವರಿಗೆ ಇವತ್ತಿಗೂ ಗೊತ್ತಿಲ್ಲ. ಅವರು ಓಡಾಡುವುದು ಬೈಕಿನ ಮೇಲೆ. ಸೆಕೆಂಡ್‌ಹ್ಯಾಂಡ್ ಕಾರು ತೆಗೆದುಕೊಂಡದ್ದೇ ನನ್ನ ಶಾಲೆಯ ಓಡಾಟಕ್ಕೆ.

ಮೆಕ್ಯಾನಿಕ್ ನೀರಿನ ಪೈಪು ಬದಲಿಸಿ, "ಇಂಜಿನ್ ಹಳೇದೈತಿ, ಬಿಸಿ ಮ್ಯಾಲ ಒಂದು ಕಣ್ಣಿಟ್ಟಿರ್ರಿ" ಅಂದ. ಮುಳ್ಳೇ ಇಲ್ಲದ ಗಾಡಿಯಲ್ಲಿ ಕಣ್ಣು ಇಡುವುದು ಎಲ್ಲಿ ಎಂದು ನಾಲ್ಕು ದಿನ ತಲೆ ಕೆಡಿಸಿಕೊಂಡೆ. ಕಾರಿಗೆ ತನ್ನ ಬಿಸಿ ಎಷ್ಟೆಂದು ಗೊತ್ತಿರುತ್ತದೆ. ಸ್ಟೇರಿಂಗಿನ ಕೆಳಗೆ ಒಂದು ಕಿಂಡಿ ಇದೆ, ಮೆಕ್ಯಾನಿಕ್‌ಗಳು ಅದಕ್ಕೆ ಯಂತ್ರ ಚುಚ್ಚಿ ದೋಷ ಓದುತ್ತಾರೆ. ಆ ಕಿಂಡಿಗೆ ಒಂದು ಸಣ್ಣ ಕಂಪ್ಯೂಟರ್ ಜೋಡಿಸಿದರೆ ಬಿಸಿಯ ಅಂಕಿ ಸದಾ ಕಣ್ಣ ಮುಂದೆ ಇರುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಜಾಗವೂ ಇತ್ತು. ಹಿಂದಿನ ಮಾಲೀಕ ಕಾರು ಮಾರುವಾಗ ಹಾಡು ಕೇಳುವ ಟೇಪ್ ಕಿತ್ತುಕೊಂಡಿದ್ದ. ಆ ಖಾಲಿ ಡೊಗರಿನಲ್ಲಿ ನಾವು ಬಡೇಸೋಪಿನ ಪಾಕೀಟು ಇಡುತ್ತಿದ್ದೆವು.

ಮೊದಲು ಹುಬ್ಬಳ್ಳಿಯ ಅಂಗಡಿಗೆ ಹೋಗಿ ತಯಾರು ಸಿಗುವ ಪರದೆ ನೋಡಿದೆವು. ಅಂಗಡಿಯವನು ನನ್ನವರನ್ನು ನೋಡಿ, "ಸರ್, ಎಷ್ಟು ಇಂಚಿಂದು ಬೇಕ್ರಿ?" ಅಂದ. ಬಿಸಿ ತೋರಿಸುತ್ತದೆಯೇ ಎಂದು ಕೇಳಿದವಳು ನಾನು. ಉತ್ತರ ಹೋದದ್ದು ಅವರಿಗೆ: "ಹಾಡು ಬರ್ತಾವ್ರಿ ಸರ್, ಸಿನಿಮಾ ಬರ್ತಾವು." ಸಿನಿಮಾ ನೋಡುತ್ತ ಯಾರು ಗಾಡಿ ಹೊಡೆಯುತ್ತಾರೋ. ಬರಿಗೈಲಿ ತಿರುಗಿ ಬಂದೆವು.

ನನ್ನ ಹತ್ತಿರ ಇಸ್ಪೀಟು ಕಟ್ಟಿನಷ್ಟಿರುವ ಒಂದು ಸಣ್ಣ ಕಂಪ್ಯೂಟರ್ ಇತ್ತು. ಮಕ್ಕಳಿಗೆ ತೋರಿಸಲು ಯಾವಾಗಲೋ ತರಿಸಿದ್ದು, ಕಪಾಟಿನಲ್ಲಿ ಬಿದ್ದಿತ್ತು. ಏಳು ಇಂಚಿನ ಟಚ್ ಪರದೆಯೊಂದನ್ನು ಪಾರ್ಸಲ್‌ನಲ್ಲಿ ತರಿಸಿದೆ. ಸಂಜೆ ಶಾಲೆಯಿಂದ ಬಂದ ಮೇಲೆ ಅಡುಗೆಮನೆಯ ಕಟ್ಟೆಯ ಮೇಲೆ ಎರಡನ್ನೂ ಜೋಡಿಸಿ ಕೂರುತ್ತಿದ್ದೆ. ಅತ್ತೆ ರೊಟ್ಟಿ ಬಡಿಯುತ್ತ ಒಮ್ಮೆ ಇತ್ತ ನೋಡಿ, "ಇಷ್ಟ ಸಣ್ಣ ಟೀವಿ ಯಾಕಬೇ?" ಅಂದರು. ಟೀವಿ ಅಲ್ಲ ಎಂದು ವಿವರಿಸಿದೆ. "ಆತ್ ಬಿಡು, ಹಿಟ್ಟು ಹಾರ್ತೈತಿ, ಆಚೆ ಸರಿಸಿಕೋ" ಅಂದರು.

ಪರದೆಯ ಎಡಕ್ಕೆ ಮುಟ್ಟಿದರೆ ಬಲಗಡೆಯ ಗುಂಡಿ ಒತ್ತಿಕೊಳ್ಳುತ್ತಿತ್ತು. ಅದನ್ನು ಸರಿಮಾಡಲು ಎರಡು ರವಿವಾರ ಹೋದವು. ಅದಾದ ಮೇಲೆ ಅಕ್ಷರದ ಗೋಳು. ನಾನು ಎಲ್ಲ ಕನ್ನಡದಲ್ಲೇ ಬರಬೇಕೆಂದು ಹಟ ಹಿಡಿದಿದ್ದೆ. ಆದರೆ ಒತ್ತಕ್ಷರಗಳು ಕಳಚಿ ಪಕ್ಕಕ್ಕೆ ಬಿದ್ದಿರುತ್ತಿದ್ದವು, 'ಬ್ಯಾಟರಿ' ಅನ್ನುವುದು ಹಲ್ಲು ಬಿದ್ದವರು ಹೇಳಿದ ಹಾಗೆ ಕಾಣುತ್ತಿತ್ತು. ಏನೇನೋ ಹಾಕಿ ತೆಗೆದು ಸಾಕಾಗಿ, ಕೊನೆಗೆ ಒತ್ತೇ ಇಲ್ಲದ ಮಾತು ಹುಡುಕಿ ಹಾಕಿದೆ: ಬಿಸಿ, ವೇಗ, ಕರೆಂಟು. ಕಂಪ್ಯೂಟರ್ ಕಲಿಸುವವಳು ಒತ್ತಕ್ಷರಕ್ಕೆ ಹೆದರಿ ಓಡಿದೆನಲ್ಲ ಎಂದು ಒಳಗೊಳಗೇ ನಾಚಿಕೆಯಾಯಿತು.

ಎಲ್ಲಕ್ಕಿಂತ ದೊಡ್ಡ ತೊಡಕು ಕರೆಂಟಿನದು. ಚಾವಿ ತಿರುವಿ ಇಂಜಿನ್ ಎಬ್ಬಿಸುವಾಗ ಬ್ಯಾಟರಿಯ ಬಲವೆಲ್ಲ ಅತ್ತ ಹೋಗಿ ಉಳಿದ ಕಡೆ ಒಂದು ಕ್ಷಣ ಕರೆಂಟು ಕುಸಿಯುತ್ತದೆ. ಅಷ್ಟಕ್ಕೇ ಕಂಪ್ಯೂಟರ್ ಸತ್ತು ಮತ್ತೆ ಮೊದಲಿನಿಂದ ಏಳುತ್ತದೆ. ಇದಕ್ಕೆ ಒಂದು ಸಣ್ಣ ಸರ್ಕ್ಯೂಟ್ ಬೋರ್ಡ್ ಸಿಗುತ್ತದೆ. ಅದಕ್ಕೆ ಎರಡು ವೈರು. ಹಳದಿ ವೈರು ಬ್ಯಾಟರಿಯಿಂದ ನೇರ ಬರಬೇಕು, ಹೊಟ್ಟೆ ತುಂಬಿಸುವುದು ಅದರ ಕೆಲಸ. ಕೆಂಪು ವೈರು ಚಾವಿಯ ಕಡೆಯಿಂದ ಬರಬೇಕು. ಚಾವಿ ತಿರುವಿದಾಗ ಏಳು, ತೆಗೆದ ಮೇಲೆ ಮಲಗು ಎಂದು ಹೇಳುವುದು ಅದರ ಕೆಲಸ. ಎರಡನ್ನೂ ಬೇರೆ ಬೇರೆ ಜಾಗಕ್ಕೆ ಹಚ್ಚಬೇಕು. ಇಷ್ಟೇ ವಿಷಯ. ಒಂಬತ್ತನೇ ಇಯತ್ತೆಯ ಮಕ್ಕಳಿಗೆ ಹೇಳಿದ್ದರೆ ತಿಳಿಯುತ್ತಿತ್ತು.

ವೈರನ್ನು ನಾನೇ ಹಚ್ಚುತ್ತೇನೆ ಅಂದಾಗ ಮನೆಯಲ್ಲಿ ಒಪ್ಪಲಿಲ್ಲ. ಕಾರಿಗೆ ಬೆಂಕಿ ಹತ್ತಿದ ಯಾವುದೋ ವೀಡಿಯೊ ನನ್ನವರು ನೋಡಿದ್ದರು. ನನಗೂ ಅಳುಕಿತ್ತು. ಅಷ್ಟು ದಿನ ನಾನು ಡ್ಯಾಶ್‌ಬೋರ್ಡ್ ಬಿಚ್ಚಿದವಳಲ್ಲ, ಪ್ಲಾಸ್ಟಿಕ್ಕಿನ ಕೊಕ್ಕೆಗಳು ಮುರಿದರೆ ಮತ್ತೆ ಸಿಗುವುದಿಲ್ಲ. ಹಾಗಾಗಿ ನವಲಗುಂದದ ಒಬ್ಬ ವೈರಿಂಗ್ ಮಿಸ್ತ್ರಿಯ ಕಡೆ ಹೋದೆವು. ವಯಸ್ಸಾದವರು. ಲಾರಿ, ಟ್ರ್ಯಾಕ್ಟರು, ಜೆಸಿಬಿ ಎಲ್ಲದರ ವೈರಿಂಗೂ ಅವರ ಕೈಯಲ್ಲಿ ಆಗುತ್ತದೆ. ಒಳ್ಳೇ ಕೈಗುಣ ಎಂದು ಊರೆಲ್ಲ ಹೇಳುತ್ತದೆ, ಅದು ಸುಳ್ಳೂ ಅಲ್ಲ. ನಾನು ಬಿಳಿ ಹಾಳೆಯ ಮೇಲೆ ಚಿತ್ರ ಬರೆದು, ಕೆಂಪು ಪೆನ್ನಿನಲ್ಲಿ ಕೆಂಪು ವೈರು, ಹಳದಿ ಪೆನ್ನಿನಲ್ಲಿ ಹಳದಿ ವೈರು ಎಳೆದು ಒಯ್ದಿದ್ದೆ.

ಮಿಸ್ತ್ರಿ ಹಾಳೆ ಇಸಿದುಕೊಂಡು ನೋಡಿ, ನನ್ನವರ ಕೈಗೆ ಕೊಟ್ಟರು.

"ಸರ್, ಇದು ಟೇಪಿನ ಜಾಗಾಕ್ಕ ಏನ್ರಿ?"

"ಹೌದ್ರಿ" ಅಂದರು ಇವರು.

"ಹಳದಿ ಬ್ಯಾಟರಿಗೆ ನೇರ, ಕೆಂಪು ಚಾವಿ ಕಡೆಗೆ. ಎರಡೂ ಬ್ಯಾರೆ ಬ್ಯಾರೆ" ಅಂದೆ ನಾನು.

"ಬರೋಬ್ಬರಿ ಮಾಡೂಣ್ರಿ. ಅಕ್ಕೋರ, ನೀವು ನೆಳ್ಳಾಗ ಕುಂದರ್ರಿ" ಅಂದರು ಮಿಸ್ತ್ರಿ, ಡ್ಯಾಶ್‌ಬೋರ್ಡಿನ ಕಡೆ ನೋಡುತ್ತ.

ನಾನು ನೆರಳಿಗೆ ಹೋಗಲಿಲ್ಲ, ಕಾರಿನ ಬಾಗಿಲ ಹತ್ತಿರವೇ ನಿಂತೆ. ಅಲ್ಲಿ ಚಹಾ ಕುಡಿಯಲು ಬಂದ ಇಬ್ಬರು ಮೂವರು ಕೂಡಿದರು. ಎಲ್ಲರೂ ಕೈ ಹಿಂದೆ ಕಟ್ಟಿ ಬಗ್ಗಿ ಬಗ್ಗಿ ನೋಡಿದರು. ಒಬ್ಬರು ಇವರಿಗೆ, "ಭಾರಿ ತಲಿ ಓಡಿಸೀರಿ ಬಿಡ್ರಿ ಸರ್" ಅಂದರು. ಇವರು ನಕ್ಕರು. ನನ್ನ ಕಡೆ ಕೈ ತೋರಿಸುತ್ತಾರೆ ಅಂದುಕೊಂಡೆ, ತೋರಿಸಲಿಲ್ಲ.

ಪರದೆ ಕೂರಿಸುವ ಚೌಕಟ್ಟನ್ನು ನಾಮಫಲಕ ಮಾಡುವ ಅಂಗಡಿಯಲ್ಲಿ ಅಕ್ರಿಲಿಕ್ ಹಾಳೆ ಕೊರೆಸಿ ಮಾಡಿಸಿದ್ದೆ. ಅದರ ಒಂದು ಮೂಲೆ ಡೊಗರಿಗೆ ಸಿಕ್ಕಿಕೊಳ್ಳುತ್ತಿತ್ತು. ತಿಕ್ಕಿಸಿಕೊಂಡು ಬರಲು ಅಂಗಡಿಗೆ ನಡೆದು ಹೋದೆ. ಹೋಗಿ ಬರಲು ಮುಕ್ಕಾಲು ತಾಸು. ವಾಪಸ್ಸು ಬಂದಾಗ ವೈರಿಂಗ್ ಎಲ್ಲ ಮುಗಿದಿತ್ತು, ಡ್ಯಾಶ್‌ಬೋರ್ಡ್ ಮುಚ್ಚಿತ್ತು, ಚೌಕಟ್ಟು ಕೂರಿಸುವುದಷ್ಟೇ ಬಾಕಿ.

"ಹಳದಿ, ಕೆಂಪು ಬ್ಯಾರೆ ಬ್ಯಾರೆ ಹಾಕೀರಿಲ್ರಿ?" ಎಂದು ಕೇಳಿದೆ.

ಮಿಸ್ತ್ರಿ ಇವರ ಕಡೆ ನೋಡಿ, "ಎಲ್ಲಾ ಸರ್‌ನ ಕೇಳೇ ಹಾಕೇನ್ರಿ" ಅಂದರು.

ಚೌಕಟ್ಟು ಕೂರಿಸಿ ಪರದೆಯ ವೈರು ಚುಚ್ಚಿದೆ. ಪರದೆ ಹತ್ತಿತು. ಚಾವಿ ತಿರುವಿ ಇಂಜಿನ್ ಎಬ್ಬಿಸಿದೆ, ಪರದೆ ಸಾಯಲಿಲ್ಲ. ಬಿಸಿ ನಲವತ್ತೊಂದು, ನಲವತ್ತೆರಡು ಎಂದು ಏರುತ್ತ ಹೋಯಿತು. ಎರಡು ತಿಂಗಳ ಕೆಲಸ ಕಣ್ಣ ಮುಂದೆ ಬೆಳಗಿದಾಗ ಬೇರೇನೂ ನೆನಪಾಗಲಿಲ್ಲ. ಮನೆಗೆ ಬಂದು ಚಾವಿ ತೆಗೆದ ಮೇಲೆ ಸ್ವಲ್ಪ ಹೊತ್ತಿಗೆ ಪರದೆ ಕಪ್ಪಾಯಿತು. ಮಲಗಿತು ಅಂದುಕೊಂಡೆ. ಇಂಜಿನ್ ನಿಂತ ಮೇಲೆ ಪರದೆ ತಾನೇ ಕಪ್ಪಾಗಲಿ ಎಂದು ಹೊಂದಿಸಿದ್ದವಳು ನಾನೇ. ಒಳಗೆ ಕಂಪ್ಯೂಟರ್ ಎಚ್ಚರವೇ ಇತ್ತು. ಅದನ್ನು ಪರೀಕ್ಷಿಸಬೇಕಿತ್ತು, ಪರೀಕ್ಷಿಸಲಿಲ್ಲ. ಅದು ನನ್ನ ತಪ್ಪು.

ಅವತ್ತು ಶನಿವಾರ. ರವಿವಾರ ಕಾರು ಹೊರಗೆ ತೆಗೆಯಲಿಲ್ಲ. ಸೋಮವಾರ ಹತ್ತನೇ ಇಯತ್ತೆಯವರ ಪೂರ್ವಸಿದ್ಧತಾ ಪರೀಕ್ಷೆ, ನನಗೆ ಕೊಠಡಿಯ ಮೇಲ್ವಿಚಾರಣೆ. ಮುಂಜಾನೆ ಚಾವಿ ತಿರುವಿದರೆ 'ಟಿಕ್' ಎಂದು ಒಂದು ಸಪ್ಪಳ, ಅಷ್ಟೇ. ಓಣಿಯವರು ಬಂದು ನೂಕಿದರು. ಕಾರು ಮೂಲೆಯ ಹಿಟ್ಟಿನ ಗಿರಣಿ ತನಕ ಹೋಗಿ ನಿಂತಿತು. ಪಕ್ಕದ ಮನೆಯ ಕಾಕಾ ಏದುಸಿರು ಬಿಡುತ್ತ, "ಕಂಪ್ಯೂಟರ್ ಹಾಕ್ಸೀರಲ್ಲ, ಅದರ ಭಾರ ತಡೀವಲ್ದು ಗಾಡಿ" ಅಂದರು. ಅವರು ಚೇಷ್ಟೆ ಮಾಡಿದ್ದಲ್ಲ, ಹಾಗೇ ನಂಬಿದ್ದರು.

ಬಸ್ಸು ಹಿಡಿದು ಮೊರಬ ಮುಟ್ಟುವಷ್ಟರಲ್ಲಿ ಮೊದಲ ಗಂಟೆ ಹೊಡೆದು ಇಪ್ಪತ್ತು ನಿಮಿಷ. ನನ್ನ ಕೊಠಡಿಯಲ್ಲಿ ಹಿಂದಿ ಗುರುಗಳು ನಿಂತಿದ್ದರು. ಹೆಡ್‌ಮಾಸ್ತರರು ಬಯ್ಯಲಿಲ್ಲ. "ಕಾರಿಗೆ ಕಂಪ್ಯೂಟರ್ ಕೂಡ್ರಿಸೀರಂತಲ್ಲ. ಮೊದಲ ಒಂದ್ ಬ್ಯಾಟರಿ ಕೂಡ್ರಿಸ್ಬೇಕಿತ್ರಿ" ಎಂದು ಮೆತ್ತಗೆ ಹೇಳಿದರು. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಸುದ್ದಿ ಗೊತ್ತಿತ್ತು. ಕಾರಿಗೆ ಹೊಸದೇನೋ ಹಾಕಿದಾಗ ಅದು ಸರ್ ತಲೆ ಓಡಿಸಿದ್ದು. ಕೆಟ್ಟು ನಿಂತಾಗ ಮಾತ್ರ ಅದು ಅಕ್ಕೋರು ಮಾಡಿದ್ದು. ಇಡೀ ದಿನ ಇದೇ ತಲೆಯಲ್ಲಿ ತಿರುಗಿತು.

ಸಂಜೆ ಮನೆಗೆ ಬಂದವಳೇ, ಓಣಿಯವರು ಅಂಗಳಕ್ಕೆ ವಾಪಸ್ಸು ನೂಕಿ ತಂದಿದ್ದ ಕಾರಿನ ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕಿ ನೋಡಿದೆ. ಕೆಂಪು, ಹಳದಿ ಎರಡನ್ನೂ ಹುರಿ ಹೊಸೆದ ಹಾಗೆ ಒಟ್ಟಿಗೆ ಹೊಸೆದು, ಟೇಪ್ ಸುತ್ತಿ, ಬ್ಯಾಟರಿಯ ನೇರ ವೈರಿಗೆ ಹಚ್ಚಿದ್ದರು. ಮಲಗು ಎಂದು ಹೇಳುವವರೇ ಇಲ್ಲದ ಮೇಲೆ ಅದು ಮಲಗುವುದು ಹೇಗೆ? ಎರಡು ರಾತ್ರಿ ಒಂದು ಹಗಲು ಬ್ಯಾಟರಿ ಹೀರುತ್ತ ಕೂತಿತ್ತು. ಬೋರ್ಡಿನ ಕೊಂಡಿ ಕಳಚಿಟ್ಟು, ಬ್ಯಾಟರಿಯನ್ನು ಚಾರ್ಜಿಗೆ ಕಳಿಸಿದೆ.

ನನ್ನವರು ಅಂಗಳದಲ್ಲಿ ಕುರ್ಚಿ ಹಾಕಿ ಕೂತಿದ್ದರು. ಹೋಗಿ ಎದುರಿಗೆ ನಿಂತೆ.

"ನಾ ಇಲ್ಲದಾಗ ಮಿಸ್ತ್ರಿ ನಿಮ್ಮನ್ನ ಏನು ಕೇಳಿದ್ರು?"

"ಎರಡೂ ಕೂಡಿಸಿ ಹಾಕ್ತೀನಿ, ಗಟ್ಟಿ ಆಗ್ತೈತಿ ಅಂದ್ರು."

"ನೀವು ಏನಂದ್ರಿ?"

"ಹಾಕ್ರಿ ಅಂದೆ."

"ಅದು ನಿಮಗ ತಿಳಿದಿತ್ತೇನು?"

"ಇಲ್ಲ."

"ಮತ್ತ ನನಗ ಗೊತ್ತಿಲ್ಲ, ಆಕಿ ಬರಲಿ ತಡೀರಿ ಅನ್ನಾಕ ಏನಾಗಿತ್ತು? ಹಾಳಿ ನಿಮ್ಮ ಕೈಯಾಗ ಇತ್ತಲ್ಲ."

ಅವರು ಕುರ್ಚಿಯಿಂದ ಎದ್ದು ನಿಂತರು. ಆಮೇಲೆ, "ನಾಕು ಮಂದಿ ನಿಂತಿದ್ರು. ಗೊತ್ತಿಲ್ಲ ಅನ್ನಾಕ ನಾಚಿಕಿ ಬಂತು" ಅಂದರು.

ಅವರು ಸುಳ್ಳು ಹೇಳಿದ್ದರೆ ಜಗಳ ಮಾಡಿ ಹಗುರಾಗುತ್ತಿದ್ದೆ. ನಿಜ ಹೇಳಿದ್ದರಿಂದ ಸಿಟ್ಟು ಒಳಗೇ ಉಳಿಯಿತು. ಹದಿನಾಲ್ಕು ವರ್ಷ ಒಟ್ಟಿಗೆ ಬಾಳಿದ್ದೇವೆ. ನನ್ನ ಓದಿನ ಬಗ್ಗೆ ಅವರು ಒಂದು ಕಡಿಮೆ ಮಾತು ಆಡಿದವರಲ್ಲ, ನನ್ನ ಡಿಪ್ಲೊಮಾ ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿಸಿದವರು ಅವರೇ. ಆದರೂ ನಾಲ್ಕು ಮಂದಿಯ ಮುಂದೆ ಇದು ಆಕೆಗೆ ಗೊತ್ತು ಎಂದು ಹೇಳಲು ಅವರಿಗೆ ಬಾಯಿ ಬರಲಿಲ್ಲ. ಎರಡು ದಿನ ಊಟಕ್ಕೆ ಏಳ್ರಿ ಅನ್ನುವುದರ ಆಚೆ ನಾನು ಮಾತಾಡಲಿಲ್ಲ.

ಬುಧವಾರ ಶಾಲೆ ಬಿಟ್ಟ ಮೇಲೆ ನಾನೊಬ್ಬಳೇ ಮಿಸ್ತ್ರಿಯ ಕಡೆ ಹೋದೆ. ವೈರು ಕೂಡಿಸಿದ್ದರಿಂದ ಏನಾಯಿತೆಂದು ನಿಧಾನವಾಗಿ ಹೇಳಿದೆ. ಅವರು ಪೂರ್ತಿ ಕೇಳಿದರು, ಅದನ್ನು ಒಪ್ಪಿಕೊಳ್ಳಬೇಕು. ಕೇಳಿ, "ಸರ್ ಬ್ಯಾಡ ಅಂದಿದ್ರ ನಾ ಯಾಕ ಕೂಡಸ್ತಿದ್ದೆ ಹೇಳ್ರಿ. ಐತವಾರ ಸರ್‌ಗ ಬರಾಕ ಹೇಳ್ರಿ, ಬಿಚ್ಚಿ ಅವರು ಹೇಳ್ದಂಗ ಮಾಡಿ ಕೊಡೂಣು" ಅಂದರು. ನನ್ನ ತಂದೆಯ ವಯಸ್ಸಿನವರು, ಮಾತಿನಲ್ಲಿ ಒಂದಿಷ್ಟೂ ಅಗೌರವ ಇಲ್ಲ. ಅಲ್ಲಿ ಜಗಳ ತೆಗೆದರೆ ನಾನೇ ಕೆಟ್ಟವಳು. "ಆತ್ರಿ" ಎಂದು ಹೇಳಿ ಬಂದೆ. ಬರುತ್ತ ದಾರಿಯಲ್ಲಿ ಒಂದು ಟೆಸ್ಟರ್, ಒಂದು ವೈರು ಸುಲಿಯುವ ಇಕ್ಕಳ ತೆಗೆದುಕೊಂಡೆ.

ರವಿವಾರ ಮುಂಜಾನೆ ಉಂಡು ಮುಗಿಸಿ, ಚೂಡಿದಾರ ಹಾಕಿಕೊಂಡು, ಅಂಗಳದಲ್ಲಿ ನಿಲ್ಲಿಸಿದ ಕಾರಿನ ಎಡಗಡೆಯ ಸೀಟು ಹಿಂದಕ್ಕೆ ಸರಿಸಿ, ತಲೆ ಡ್ಯಾಶ್‌ಬೋರ್ಡಿನ ಕೆಳಗೆ ಹಾಕಿ ಅಂಗಾತ ಮಲಗಿದೆ. ಕಾಲು ಬಾಗಿಲಿನ ಹೊರಗೆ. ಹತ್ತು ನಿಮಿಷ ಆಗಿರಲಿಲ್ಲ, ಒಳಗೆ ಕತ್ತಲಾಯಿತು. ಅತ್ತೆ ಒಂದು ಚಾದರ ತಂದು ಕಾರಿನ ಬಾಗಿಲ ಮೇಲೆ ಹೊದಿಸಿದ್ದರು.

"ಅತ್ತಿಯಾರ, ಬೆಳಕು ಬರೂದಿಲ್ಲ. ತೆಗೀರಿ ಅದನ್ನ."

"ಮಂದಿ ಓಡ್ಯಾಡ್ತಾರವಾ. ಸೊಸಿ ಕಾಲು ಹೊರಗ ಹಾಕ್ಕೊಂಡು ಮಲಗ್ಯಾಳ ಅಂತಾರ."

ಚಾದರ ತೆಗೆಯಲಿಲ್ಲ. ಜನವರಿಯಾದರೂ ಒಳಗೆ ಕುದಿಯುತ್ತಿತ್ತು. ಮೊಬೈಲಿನ ಬೆಳಕು ಹಚ್ಚಿ, ಅದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಟೇಪ್ ಬಿಚ್ಚಿದೆ. ಎರೆಮಣ್ಣಿನ ಧೂಳು ಮುಖದ ಮೇಲೆ ಉದುರಿತು. ಎಷ್ಟು ಸಣ್ಣ ಸಂದಿಯಲ್ಲೂ ಆ ಧೂಳು ಇರುತ್ತದೆ. ಬ್ಯಾಟರಿ ಬಿಚ್ಚಿ ಕೆಲಸ ಮಾಡಬೇಕೆಂದು ಮಕ್ಕಳಿಗೆ ಹೇಳುವವಳು, ಟೆಸ್ಟರಿಗೆ ಕರೆಂಟು ಬೇಕಲ್ಲ ಎಂದು ಬಿಚ್ಚದೆ ಬಿಟ್ಟಿದ್ದೆ. ಇಕ್ಕಳ ಜಾರಿ ಎಲ್ಲೋ ತಾಗಿತು. ಸಣ್ಣ ಕಿಡಿ, ಸುಟ್ಟ ವಾಸನೆ. ಎದ್ದು ನೋಡಿದರೆ ಹಾರ್ನು ಇಲ್ಲ, ವೈಪರ್ ಇಲ್ಲ, ಒಳಗಿನ ದೀಪ ಇಲ್ಲ.

ಫ್ಯೂಜ್ ಹೋಗಿದೆ ಎಂದು ಗೊತ್ತಿತ್ತು. ದೊಡ್ಡ ವಿಷಯವಲ್ಲ ಎಂದೂ ಗೊತ್ತಿತ್ತು. ಆದರೂ ಆ ಚಾದರದ ಕತ್ತಲಲ್ಲಿ ಕೂತು ಅಳು ಬಂತು. ಈಗ ಮಿಸ್ತ್ರಿಯ ಕಡೆ ಹೋದರೆ, 'ನೋಡ್ರಿ ಸರ್' ಎಂದು ಅವರು ಇವರಿಗೆ ಹೇಳುತ್ತಾರೆ. ಅದು ಕಿವಿಯಲ್ಲಿ ಕೇಳಿಸಿದ ಹಾಗೇ ಆಯಿತು.

ಚಾದರದ ಒಂದು ಮೂಲೆ ಎದ್ದಿತು. ಅತ್ತೆ ಮಜ್ಜಿಗೆಯ ಗ್ಲಾಸು ಒಳಗೆ ಚಾಚಿದರು. ನನ್ನ ಮುಖ ನೋಡಿದರು. "ಕುಡಿ. ಆಮ್ಯಾಲ ಮಾಡೀಯಂತ" ಅಂದು, ಮೂಲೆಯನ್ನು ಬಿಡದೆ ಎತ್ತಿ ಹಿಡಿದು ನಿಂತರು. ಅಷ್ಟು ಬೆಳಕು ಸಾಕಾಯಿತು.

ನನ್ನವರು ಫ್ಯೂಜ್ ತರಲು ಹೋದರು. ತಂದದ್ದು ಬೇರೆ ಅಳತೆಯದು. ಸುಟ್ಟ ಫ್ಯೂಜನ್ನು ಕಾಗದದಲ್ಲಿ ಸುತ್ತಿ ಕೊಟ್ಟೆ, ಮತ್ತೆ ಹೋದರು. ಎರಡನೇ ಸಲ ಅಂಗಡಿಯವನು ಏನೋ ಕೇಳಿದನಂತೆ, ಅಲ್ಲಿಂದಲೇ ಫೋನ್ ಹಚ್ಚಿ ಅವನ ಕೈಗೇ ಕೊಟ್ಟರು. ಹತ್ತು ಆಂಪಿಯರ್ ಎಂದು ನಾನೇ ಹೇಳಿದೆ.

ಈ ಸಲ ಬ್ಯಾಟರಿ ಬಿಚ್ಚಿಯೇ ವೈರು ಹಚ್ಚಿದೆ. ಹಳದಿ ಅದರ ಜಾಗಕ್ಕೆ, ಕೆಂಪು ಅದರ ಜಾಗಕ್ಕೆ. ಮಧ್ಯಾಹ್ನ ಮೂರರ ಸುಮಾರಿಗೆ ಚಾವಿ ತಿರುವಿ, ಇಂಜಿನ್ ಎಬ್ಬಿಸಿ, ಬಂದ್ ಮಾಡಿ, ಕಾಯುತ್ತ ಕೂತೆ. ಒಂದು ನಿಮಿಷಕ್ಕೆ ಒಳಗಿನಿಂದ 'ಟಕ್' ಎಂದು ಸಣ್ಣ ಸಪ್ಪಳ ಬಂತು. ಟೆಸ್ಟರ್ ಇಟ್ಟು ನೋಡಿದೆ, ಕಂಪ್ಯೂಟರಿಗೆ ಕರೆಂಟು ಹೋಗುವುದು ನಿಂತಿತ್ತು. ಐದು ಸಲ ಅದನ್ನೇ ಮಾಡಿ ನೋಡಿದೆ. ನನ್ನವರು ಅಂಗಳದ ಕಲ್ಲಿನ ಮೇಲೆ ಕೂತು ಐದೂ ಸಲ ನೋಡಿದರು. "ಆತೇನು?" ಅಂದರು. "ಆತು" ಅಂದೆ. ಬೇರೆ ಸಂಭ್ರಮವೇನೂ ಇರಲಿಲ್ಲ. ಕುತ್ತಿಗೆ ಹಿಡಿದುಕೊಂಡಿತ್ತು, ಸ್ನಾನ ಮಾಡಬೇಕಿತ್ತು.

ಅಲ್ಲಿಂದ ಮೂರು ತಿಂಗಳು ಚೆನ್ನಾಗಿ ನಡೆಯಿತು. ಮೊರಬದ ದಾರಿಯಲ್ಲಿ ಬಿಸಿ ಎಂಬತ್ತೆಂಟು ತೊಂಬತ್ತರ ನಡುವೆ ಓಡಾಡುವುದನ್ನು ನೋಡುತ್ತ ಹೋಗುವುದು ರೂಢಿಯಾಯಿತು. ಮನೆಯಲ್ಲಿ ಇನ್ನೊಂದು ಬದಲಾವಣೆ ಆಯಿತು, ಅದೂ ನನ್ನ ತಲೆನೋವೇ. ನನ್ನವರು ಈಗ ಯಾರು ಏನು ಕೇಳಿದರೂ, "ನನಗ ಗೊತ್ತಿಲ್ರಿ, ಆಕಿನ್ನ ಕೇಳ್ರಿ" ಅನ್ನುತ್ತಾರೆ. ಗ್ಯಾಸ್ ಸಿಲಿಂಡರ್ ತಂದವನಿಗೂ ಹಾಗೇ, ಕರೆಂಟ್ ಬಿಲ್ಲಿನವರಿಗೂ ಹಾಗೇ, ಅವರದೇ ಅಣ್ಣ ಮನೆಗೆ ಯಾವಾಗ ಬರಲಿ ಎಂದು ಕೇಳಿದರೂ ಹಾಗೇ. ಬೇಕೆಂದೇ ಅನ್ನುತ್ತಾರೋ, ನಿಜವಾಗಿ ನನ್ನ ಮಾತು ತಲೆಗೆ ಹಚ್ಚಿಕೊಂಡಿದ್ದಾರೋ ತಿಳಿಯುವುದಿಲ್ಲ. ಕೇಳಿದರೆ ನಗುತ್ತಾರೆ.

ಏಪ್ರಿಲ್ ಬಂದ ಮೇಲೆ ಬಿಸಿಲಿಗೆ ಚೌಕಟ್ಟಿನ ಅಂಟು ಬಿಟ್ಟಿತು. ಶಾಲೆಯ ಮುಂದೆ ನೆರಳಿಲ್ಲದ ಕಡೆ ಕಾರು ನಿಲ್ಲುತ್ತದೆ. ಸಂಜೆ ಬಾಗಿಲು ತೆರೆದರೆ ಪರದೆ ಒಂದು ಕಡೆ ವಾಲಿ ಗೇರಿನ ಮೇಲೆ ಜೋತು ಬಿದ್ದಿರುತ್ತಿತ್ತು. ಬಿಸಿಗೆ ಟಚ್ ಕೂಡ ಕೇಳುತ್ತಿರಲಿಲ್ಲ. ಎಷ್ಟು ಒತ್ತಿದರೂ ಸುಮ್ಮನಿರುತ್ತಿತ್ತು, ಹತ್ತು ನಿಮಿಷ ಕಿಡಕಿ ತೆರೆದು ಗಾಳಿ ಆಡಿದ ಮೇಲೆ ಎಲ್ಲ ಒತ್ತನ್ನೂ ಒಮ್ಮೆಲೇ ಕೇಳಿಸಿಕೊಂಡು ಏನೇನೋ ತೆರೆಯುತ್ತಿತ್ತು. ಕೆಲವು ದಿನ ಪ್ಯಾಕಿಂಗ್ ಟೇಪ್ ಸುತ್ತಿ ಓಡಿಸಿದೆ. ಆಮೇಲೆ ಪರದೆ ಬಿಚ್ಚಿ, ಹಳೆಯ ದುಪಟ್ಟಾದಲ್ಲಿ ಸುತ್ತಿ ಕಪಾಟಿನಲ್ಲಿಟ್ಟೆ.

ಈಗ ಅಂಟು ಬೇಡ, ಸ್ಕ್ರೂ ಹಾಕಿ ಕೂರಿಸುವ ತಗಡಿನ ಚೌಕಟ್ಟು ಮಾಡಿಸಬೇಕೆಂದು ಅಳತೆ ಬರೆದು ಫ್ಯಾಬ್ರಿಕೇಶನ್ ಅಂಗಡಿಗೆ ಕೊಟ್ಟಿದ್ದೇನೆ. ಅವನು ಅಳತೆಯನ್ನು ನನ್ನ ಕೈಯಿಂದಲೇ ಇಸಿದುಕೊಂಡ, ನನ್ನನ್ನೇ ಎರಡು ಪ್ರಶ್ನೆ ಕೇಳಿದ, ಅಷ್ಟು ಚೆನ್ನಾಯಿತು. ಆದರೆ ಈಗ ಮದುವೆ ಮನೆಗಳ ಗೇಟು, ಗ್ರಿಲ್ಲಿನ ಕೆಲಸ ಬಹಳ ಇದೆಯಂತೆ. ಗುರುವಾರ ಬರ್ರಿ ಅಂದಿದ್ದ. ಮೂರು ಗುರುವಾರ ಹೋಗಿ ಬಂದೆ. ಮೊನ್ನೆ ಹೋದಾಗ ನಾನು ಕೊಟ್ಟ ಹಾಳೆ ಗೋಡೆಯ ಮೊಳೆಗೆ ಚುಚ್ಚಿಕೊಂಡಿತ್ತು, ಅದರ ಮೇಲೆ ಯಾರದೋ ಗೇಟಿನ ಅಳತೆ ಬರೆದಿದ್ದರು.